ಪಿಗ್ಗಿಬ್ಯಾಕ್ ಇಂಧನ ನಿಯಂತ್ರಕ

ಪಿಗ್ಗಿಬ್ಯಾಕ್ ಇಂಧನ ನಿಯಂತ್ರಕವು ಕಾರಿನ ಇಂಜಿನ್ ನಿಯಂತ್ರಣ ಘಟಕವನ್ನು, ಅಂದರೆ ಇಸಿಯುವನ್ನು ಬದಲಿಸದೆ, ಅದಕ್ಕೆ ಬರುವ ಸಂವೇದಕದ ಸಂಕೇತವನ್ನು ನಡುದಾರಿಯಲ್ಲಿ ಮಾರ್ಪಡಿಸಿ ಇಂಧನದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಸಾಧನವಾಗಿದೆ. ಕಾರು ತಯಾರಕರಲ್ಲದ ಸಂಸ್ಥೆಗಳು ಇದನ್ನು ತಯಾರಿಸುತ್ತವೆ. ಜಪಾನಿನ ಅಪೆಕ್ಸಿ ಸಂಸ್ಥೆಯ ಎಸ್-ಎಎಫ್‌ಸಿ ಈ ವರ್ಗದ ಪ್ರಸಿದ್ಧ ಉದಾಹರಣೆ. ಅಮೆರಿಕದಲ್ಲಿ ಮಿತ್ಸುಬಿಷಿ ಎಕ್ಲಿಪ್ಸ್, ಈಗಲ್ ಟ್ಯಾಲನ್ ಮತ್ತು ಪ್ಲಿಮತ್ ಲೇಸರ್ ಕಾರುಗಳ ಟರ್ಬೋ ಮಾದರಿಗಳಲ್ಲಿ ಇದು ವ್ಯಾಪಕವಾಗಿ ಬಳಕೆಯಾಯಿತು. ಈ ಲೇಖನದ ವಿವರಣೆಯು ಮುಖ್ಯವಾಗಿ ಆ ಕಾರುಗಳನ್ನು ಆಧರಿಸಿದೆ.

ಹಿನ್ನೆಲೆ

ಮೇಲಿನ ಮೂರೂ ಕಾರುಗಳು ಕ್ರೈಸ್ಲರ್ ಮತ್ತು ಮಿತ್ಸುಬಿಷಿ ಸಂಸ್ಥೆಗಳ ಜಂಟಿ ಉದ್ಯಮವಾಗಿ ಆರಂಭವಾದ ಡೈಮಂಡ್-ಸ್ಟಾರ್ ಮೋಟರ್ಸ್‌ನ ಕಾರ್ಖಾನೆಯಲ್ಲಿ, ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಪಟ್ಟಣದಲ್ಲಿ ತಯಾರಾದವು. ಟರ್ಬೋ ಮಾದರಿಗಳಲ್ಲಿದ್ದ 4ಜಿ63 ಇಂಜಿನ್ 1997 ಸಿಸಿ ಸಾಮರ್ಥ್ಯದ ನಾಲ್ಕು ಸಿಲಿಂಡರುಗಳ ಇಂಜಿನ್. ಮೊದಲ ಪೀಳಿಗೆಯ ಕಾರುಗಳಲ್ಲಿ ಅದರ ಸಂಪೀಡನ ಅನುಪಾತ 7.8:1 ಆಗಿತ್ತು, ಎರಡನೆಯ ಪೀಳಿಗೆಯಲ್ಲಿ 8.5:1ಕ್ಕೆ ಏರಿತು. ಟರ್ಬೋಚಾರ್ಜರ್‌ನ ಒತ್ತಡವನ್ನು ಹೆಚ್ಚಿಸಿದರೆ ಶಕ್ತಿ ಸುಲಭವಾಗಿ ಹೆಚ್ಚುತ್ತಿದ್ದುದರಿಂದ ಹವ್ಯಾಸಿಗಳು ಮೊದಲು ಕೈಹಾಕುತ್ತಿದ್ದುದು ಅದಕ್ಕೇ. ಆದರೆ ಗಾಳಿ ಹೆಚ್ಚಾದಂತೆ ಪೆಟ್ರೋಲ್ ಕೂಡ ಹೆಚ್ಚಬೇಕು. ನಿಮಿಷಕ್ಕೆ 450 ಸಿಸಿ ಹರಿಸುವ ಮೂಲ ಇಂಜೆಕ್ಟರುಗಳು ಸಾಲದಾದಾಗ 550 ಅಥವಾ 660 ಸಿಸಿ ಇಂಜೆಕ್ಟರುಗಳನ್ನು ಹಾಕಲಾಗುತ್ತಿತ್ತು. ಈ ಬದಲಾವಣೆಯ ಅರಿವಿಲ್ಲದ ಇಸಿಯು ಇಂಜೆಕ್ಟರನ್ನು ಮೊದಲಿನಷ್ಟೇ ಹೊತ್ತು ತೆರೆದಿಡುವುದರಿಂದ ಪೆಟ್ರೋಲ್ ಅತಿಯಾಗಿ ಸುರಿಯುತ್ತದೆ. ಈ ಅಂತರವನ್ನು ಸರಿದೂಗಿಸುವುದು ಇಂಧನ ನಿಯಂತ್ರಕದ ಕೆಲಸ.

ಕಾರ್ಯವಿಧಾನ

ಈ ಕಾರುಗಳ ಗಾಳಿಯ ಹರಿವಿನ ಸಂವೇದಕವು ಕಾರ್ಮಾನ್ ಸುಳಿಗಳ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ವಿಜ್ಞಾನಿ ಥಿಯೊಡೋರ್ ಫಾನ್ ಕಾರ್ಮಾನ್‌ರ ಹೆಸರಿನ ಈ ಸುಳಿಗಳು ಹರಿಯುವ ಗಾಳಿಗೆ ಅಡ್ಡವಿಟ್ಟ ವಸ್ತುವಿನ ಹಿಂದೆ ಸಾಲಾಗಿ ಏಳುತ್ತವೆ. ಗಾಳಿಯ ವೇಗ ಹೆಚ್ಚಿದಷ್ಟೂ ಸುಳಿಗಳ ಆವರ್ತನ ಹೆಚ್ಚುತ್ತದೆ. ಸಂವೇದಕವು ಅದನ್ನು ಹರ್ಟ್ಸ್ ಲೆಕ್ಕದಲ್ಲಿ ಇಸಿಯುಗೆ ತಿಳಿಸುತ್ತದೆ. ಎಸ್-ಎಎಫ್‌ಸಿ ಈ ಸಂಕೇತವನ್ನು ತಡೆದು, ಶೇಕಡಾ 50ರವರೆಗೆ ಹೆಚ್ಚಿಸಿ ಅಥವಾ ತಗ್ಗಿಸಿ ಮುಂದಕ್ಕೆ ಕಳುಹಿಸುತ್ತದೆ. ಇಂಜಿನ್ ವೇಗದ ವಿವಿಧ ಬಿಂದುಗಳಿಗೆ ಬೇರೆ ಬೇರೆ ತಿದ್ದುಪಡಿಯನ್ನು ಕೊಡಬಹುದು. ಥ್ರಾಟಲ್ ಸ್ವಲ್ಪ ತೆರೆದಾಗಿನ ಮತ್ತು ಪೂರ್ತಿ ತೆರೆದಾಗಿನ ತಿದ್ದುಪಡಿಗಳೂ ಪ್ರತ್ಯೇಕವಾಗಿರುತ್ತವೆ.

450 ಸಿಸಿ ಇಂಜೆಕ್ಟರಿನ ಜಾಗಕ್ಕೆ 550 ಸಿಸಿಯದು ಬಂದರೆ 450 ಭಾಗಿಸು 550, ಅಂದರೆ ಸುಮಾರು 0.82, ಆದ್ದರಿಂದ ಸಂಕೇತವನ್ನು ಶೇಕಡಾ 18ರಷ್ಟು ತಗ್ಗಿಸಬೇಕು. 660 ಸಿಸಿಗೆ ಇದು ಸುಮಾರು ಶೇಕಡಾ 32 ಆಗುತ್ತದೆ. ಈ ಅಂಕಿಗಳು ಆರಂಭದ ಅಂದಾಜು ಮಾತ್ರ.

ಕಿಡಿಯ ಸಮಯದ ಮೇಲಿನ ಪರಿಣಾಮ

ನಿಯಂತ್ರಕವು ಇಸಿಯುಗೆ ಹೇಳುವುದು ಲೆಕ್ಕ ಹಾಕಿದ ಒಂದು ಸುಳ್ಳು. ಇಸಿಯು ಆ ಸುಳ್ಳನ್ನು ಇಂಧನದ ವಿಷಯದಲ್ಲಿ ಮಾತ್ರ ನಂಬುವುದಿಲ್ಲ ಎಂಬುದನ್ನು ಹೊಸಬರು ಹಲವೊಮ್ಮೆ ಗಮನಿಸುವುದಿಲ್ಲ. ಸ್ಪಾರ್ಕ್ ಪ್ಲಗ್ ಯಾವಾಗ ಕಿಡಿ ಹಾರಿಸಬೇಕೆಂಬುದನ್ನೂ ಅದು ಗಾಳಿಯ ಹರಿವು ಮತ್ತು ಇಂಜಿನ್ ವೇಗದಿಂದ ಕಂಡುಕೊಂಡ ಹೊರೆಯನ್ನು ಆಧರಿಸಿಯೇ ನಿರ್ಧರಿಸುತ್ತದೆ. ಹೊರೆ ಹೆಚ್ಚಿದಂತೆ ಕಿಡಿಯನ್ನು ತಡಮಾಡುವುದು ಮೂಲ ಕೋಷ್ಟಕದ ಕ್ರಮ. 100 ಪಾಲು ಗಾಳಿಯನ್ನು 82 ಪಾಲು ಎಂದು ತೋರಿಸಿದಾಗ ಇಸಿಯು ಹೊರೆ ಕಡಿಮೆಯೆಂದು ತಿಳಿದು ಕಿಡಿಯನ್ನು ಬೇಗ ಹಾರಿಸುತ್ತದೆ. ಟರ್ಬೋ ಒತ್ತಡ ಅತ್ಯಧಿಕವಾಗಿರುವ ಹೊತ್ತಿನಲ್ಲೇ ಕಿಡಿ ಮುಂದಾದರೆ, ಇನ್ನೂ ಉರಿಯದ ಮಿಶ್ರಣ ತಾನಾಗಿಯೇ ಸ್ಫೋಟಿಸುವ ನಾಕಿಂಗ್ ಉಂಟಾಗುತ್ತದೆ. ಪಿಸ್ಟನ್ ರಿಂಗಿನ ಅಂಚು ಮುರಿಯುವುದು, ಹೆಡ್ ಗ್ಯಾಸ್ಕೆಟ್ ಹೋಗುವುದು ಇದರ ಸಾಮಾನ್ಯ ಫಲಗಳು. ಪೆಟ್ರೋಲಿನ ಪ್ರಮಾಣ ಸರಿಯಾಗಿದ್ದೂ ಇಂಜಿನ್ ಹಾಳಾಗುವುದಕ್ಕೆ ಇದೊಂದು ಕಾರಣ. ಇಂಜೆಕ್ಟರ್ ದೊಡ್ಡದಾದಷ್ಟೂ ಸುಳ್ಳೂ ದೊಡ್ಡದಾಗುತ್ತದೆ.

ಇನ್ನೊಂದು ಪರಿಣಾಮವೂ ಇದೆ. ಗಾಳಿಯ ಹರಿವು ಮಿತಿ ಮೀರಿದಾಗ ಮೂಲ ಇಸಿಯು ಇಂಧನವನ್ನೇ ಕಡಿದು ಇಂಜಿನನ್ನು ಕಾಪಾಡುತ್ತದೆ. ಸಂಕೇತವನ್ನು ತಗ್ಗಿಸಿದಾಗ ಈ ಕಾವಲು ತಡವಾಗಿ ಎಚ್ಚರಗೊಳ್ಳುತ್ತದೆ. ಹಲವರು ಇದನ್ನು ಲಾಭವೆಂದೇ ಎಣಿಸಿದ್ದುಂಟು.

ಅಳವಡಿಕೆ

ನಿಯಂತ್ರಕಕ್ಕೆ ವಿದ್ಯುತ್, ಅರ್ತಿಂಗ್, ಇಂಜಿನ್ ವೇಗ ಮತ್ತು ಥ್ರಾಟಲ್ ಸ್ಥಾನದ ತಂತಿಗಳನ್ನು ಇಸಿಯು ಬಳಿಯ ತಂತಿಗಳಿಂದ ಕವಲೊಡೆಸಿ ಕೊಡಲಾಗುತ್ತದೆ. ಕತ್ತರಿಸುವುದು ಗಾಳಿಯ ಸಂಕೇತದ ತಂತಿಯನ್ನು ಮಾತ್ರ: ಸಂವೇದಕದ ಕಡೆಯ ತುದಿ ನಿಯಂತ್ರಕದೊಳಕ್ಕೆ, ಇಸಿಯು ಕಡೆಯ ತುದಿ ಅದರ ಹೊರಗಣ ತಂತಿಗೆ. ಈ ಬೆಸುಗೆಗಳನ್ನು ಕಾಟಾಚಾರಕ್ಕೆ ಮಾಡಬಾರದು, ಏಕೆಂದರೆ ಸಡಿಲವಾದ ಒಂದು ಸಂಪರ್ಕದಿಂದ ಓಡುತ್ತಿರುವ ಇಂಜಿನ್ ಥಟ್ಟನೆ ನಿಲ್ಲಬಹುದು. ಬಳಿಕ ಸಂವೇದಕದ ಬಗೆ, ಸಿಲಿಂಡರುಗಳ ಸಂಖ್ಯೆ ಮುಂತಾದವನ್ನು ಸಾಧನದಲ್ಲಿ ನಮೂದಿಸಬೇಕು. ಮೊದಲ ಪೀಳಿಗೆಯ ಕಾರುಗಳ ಇಸಿಯುಗಳಲ್ಲಿ ಹಳೆಯದಾದ ಕೆಪಾಸಿಟರುಗಳು ಸೋರಿ ಸರ್ಕ್ಯೂಟ್ ಹಲಗೆಯನ್ನು ಕೊರೆಯುವುದು ಸಾಮಾನ್ಯ ದೋಷವಾದ್ದರಿಂದ, ತಂತಿಗೆ ಕೈಹಾಕುವ ಮುನ್ನ ಇಸಿಯುವನ್ನು ತೆರೆದು ನೋಡುವುದು ಜಾಣತನ.

ಹೊಂದಾಣಿಕೆ

ಕೆಟ್ಟ ಸ್ಥಿತಿಯಲ್ಲಿರುವ ಇಂಜಿನನ್ನು ನಿಯಂತ್ರಕದಿಂದ ಸರಿಪಡಿಸಲಾಗದು. ಟರ್ಬೋ ಮತ್ತು ಇಂಜಿನ್ ನಡುವಿನ ಕೊಳವೆಯಲ್ಲಿ ಸೋರಿಕೆಯಿದ್ದರೆ ಸಂವೇದಕ ಅಳೆದ ಗಾಳಿಯಲ್ಲಿ ಒಂದಷ್ಟು ಹೊರಹೋಗಿ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದಂತೆ ಕಾಣುತ್ತದೆ. ಅದನ್ನು ನೋಡಿ ಪೆಟ್ರೋಲ್ ತಗ್ಗಿಸಿ, ಮುಂದೆ ಸೋರಿಕೆಯನ್ನು ಮುಚ್ಚಿದರೆ ಇಂಜಿನ್ ಪೆಟ್ರೋಲಿನ ಕೊರತೆಯಿಂದ ಓಡುತ್ತದೆ. ಆದ್ದರಿಂದ ಒತ್ತಡದ ಗಾಳಿ ತುಂಬಿಸಿ ಸೋರಿಕೆಯನ್ನು ಪರೀಕ್ಷಿಸುವುದು ಮೊದಲ ಕೆಲಸ. ಇಂಧನದ ಮೂಲ ಒತ್ತಡವನ್ನೂ ಅಳೆಯಬೇಕು. ಗಂಟೆಗೆ 255 ಲೀಟರ್ ಹರಿಸುವ ಪಂಪನ್ನು ಹಾಕಿದಾಗ ಮೂಲ ರೆಗ್ಯುಲೇಟರ್ ಹೆಚ್ಚುವರಿ ಪೆಟ್ರೋಲನ್ನು ಹಿಂದಿರುಗಿಸಲಾರದೆ ಒತ್ತಡ ಏರುವುದುಂಟು.

ಸಾಧಾರಣ ಚಾಲನೆಯಲ್ಲಿ ಇಸಿಯು ಆಮ್ಲಜನಕ ಸಂವೇದಕವನ್ನು ನೋಡಿಕೊಂಡು ಮಿಶ್ರಣವನ್ನು 14.7:1ರ ಸುತ್ತ ತಾನೇ ಹಿಡಿದಿಡುತ್ತದೆ. ಅದು ಮಾಡಿಕೊಂಡ ತಿದ್ದುಪಡಿಗಳನ್ನು ಡೇಟಾ ಲಾಗರ್ ಮೂಲಕ ಓದಿ, ಅವು ಸೊನ್ನೆಯ ಸಮೀಪ ಬರುವಂತೆ ಕಡಿಮೆ ಥ್ರಾಟಲ್‌ನ ಅಂಕಿಗಳನ್ನು ಹೊಂದಿಸಲಾಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಇಸಿಯು ಆ ಸಂವೇದಕವನ್ನು ಕಡೆಗಣಿಸುವುದರಿಂದ ಹೊಣೆ ಪೂರ್ತಿ ಹೊಂದಿಸುವವರದು. ಮೂಲ ಆಮ್ಲಜನಕ ಸಂವೇದಕ 14.7:1ರ ಆಸುಪಾಸಿನಲ್ಲಿ ಮಾತ್ರ ನಂಬಿಕೆಗೆ ಅರ್ಹ. ಇಲ್ಲಿ ವೈಡ್‌ಬ್ಯಾಂಡ್ ಸಂವೇದಕ ಬೇಕೇ ಬೇಕು. ಟರ್ಬೋ ಒತ್ತಡದಲ್ಲಿ ಪೆಟ್ರೋಲಿಗೆ ಸಾಮಾನ್ಯವಾಗಿ 11:1ರಿಂದ 12:1ರ ನಡುವಿನ ಅನುಪಾತವನ್ನು ಗುರಿಯಾಗಿಸಲಾಗುತ್ತದೆ. ಪೆಟ್ರೋಲ್ ಹೆಚ್ಚಿರುವ ಕಡೆಯಿಂದ ಆರಂಭಿಸಿ, ಡೈನೊ ಯಂತ್ರದ ಮೇಲೆ ಅಥವಾ ಮುಚ್ಚಿದ ರಸ್ತೆಯಲ್ಲಿ, ಒಮ್ಮೆಗೆ ಶೇಕಡಾ ಒಂದೆರಡರಷ್ಟೇ ತಗ್ಗಿಸುತ್ತಾ ಹೋಗುವುದು ಕ್ರಮ. ಪ್ರತಿ ಓಟದ ನಂತರ ನಾಕ್ ಸಂವೇದಕದ ದಾಖಲೆಯನ್ನು ನೋಡಬೇಕು. ಅನುಪಾತ ಸರಿಯಿದ್ದೂ ನಾಕ್ ಕಂಡರೆ ಅಲ್ಲಿ ತಪ್ಪಿರುವುದು ಬಹುಶಃ ಕಿಡಿಯ ಸಮಯ. ಒತ್ತಡವನ್ನು ತಗ್ಗಿಸಬೇಕು ಅಥವಾ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಬಳಸಬೇಕು.

ಮಿತಿಗಳು ಮತ್ತು ಪರ್ಯಾಯಗಳು

ಇಂಜೆಕ್ಟರ್ ಆಜ್ಞೆ ಪಡೆದ ಕ್ಷಣಕ್ಕೂ ನಿಜವಾಗಿ ತೆರೆಯುವ ಕ್ಷಣಕ್ಕೂ ನಡುವೆ ಚಿಕ್ಕ ವಿಳಂಬವಿರುತ್ತದೆ. ಇದು ಒಂದೊಂದು ಬಗೆಯ ಇಂಜೆಕ್ಟರಿಗೆ ಒಂದೊಂದು ರೀತಿ. ಐಡಲ್‌ನಲ್ಲಿ ಇಂಜೆಕ್ಟರ್ ತೆರೆದಿರುವ ಹೊತ್ತೇ ಕಡಿಮೆಯಾದ್ದರಿಂದ ಅಲ್ಲಿ ಈ ವಿಳಂಬದ ಪಾಲು ದೊಡ್ಡದು. ಶೇಕಡಾವಾರು ತಿದ್ದುಪಡಿಯೊಂದೇ ಅದನ್ನು ಪೂರ್ತಿ ಸರಿಮಾಡಲಾರದು. ದೊಡ್ಡ ಇಂಜೆಕ್ಟರುಗಳಿರುವ ಕಾರುಗಳು ಐಡಲ್‌ನಲ್ಲಿ ತೊಳಲಾಡುವುದಕ್ಕೆ ಇದೂ ಒಂದು ಕಾರಣ. ಇಸಿಯುವಿನೊಳಗಿನ ಇಂಧನ ಮತ್ತು ಕಿಡಿಯ ಕೋಷ್ಟಕಗಳನ್ನೇ ಬದಲಿಸಲು ಅವಕಾಶ ಕೊಟ್ಟ ಡಿಎಸ್‌ಎಂಲಿಂಕ್‌ನಂತಹ ವ್ಯವಸ್ಥೆಗಳು ಬಂದ ಮೇಲೆ ಈ ಕಾರುಗಳಲ್ಲಿ ಪಿಗ್ಗಿಬ್ಯಾಕ್ ಸಾಧನಗಳ ಅಗತ್ಯ ತಗ್ಗಿತು. ಅಲ್ಲಿ ಇಂಜೆಕ್ಟರಿನ ಗಾತ್ರವನ್ನು ಇಸಿಯುಗೆ ನೇರವಾಗಿ ತಿಳಿಸಬಹುದಾದ್ದರಿಂದ ಗಾಳಿಯ ಲೆಕ್ಕ ತಿರುಚುವ ಪ್ರಮೇಯವೇ ಇಲ್ಲ.

ಕಾನೂನು

ಅಮೆರಿಕದಲ್ಲಿ ವಾಹನದ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವುದನ್ನು ಕ್ಲೀನ್ ಏರ್ ಆಕ್ಟ್ ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂತಹ ಬಿಡಿಭಾಗಗಳನ್ನು ರಸ್ತೆಯ ವಾಹನಗಳಲ್ಲಿ ಬಳಸಲು ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಆದೇಶ ಬೇಕಾಗುತ್ತದೆ.