ಬೋರ್ ಮಾಡಿಸಿದ ಲಾರಿ ಘಾಟಿಯಲ್ಲಿ ಹೀಟ್ ಆಗ್ತಿದೆಯಾ? ದೊಡ್ಡ ರೇಡಿಯೇಟರ್ ಹಾಕಿಸುವ ಮುನ್ನ ಇದನ್ನು ಓದಿ

ಮಂಗಳೂರು ಕಡೆಯಿಂದ ಲೋಡ್ ಹೊತ್ತ ಲಾರಿಗಳಿಗೆ ಗುಂಡ್ಯ ದಾಟಿದ ಮೇಲೆ ನಿಜವಾದ ಪರೀಕ್ಷೆ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ತಲುಪುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ ಅನ್ನೋದು ಹಳೆ ಗಾಡಿ ಇಟ್ಟವರ ಸಾಮಾನ್ಯ ದೂರು. ಅದರಲ್ಲೂ ಎಂಜಿನ್ ಬಿಚ್ಚಿ ಬೋರ್ ಮಾಡಿಸಿ, ಪಂಪ್ ಏರಿಸಿಕೊಂಡ ಗಾಡಿಗಳಲ್ಲಿ ಈ ಕಾಟ ಜಾಸ್ತಿ. ಗಾಡಿ ತಿರುವಿನಲ್ಲಿ ನಿಂತರೆ ಹಿಂದೆ ಸಾಲುಗಟ್ಟುವ ವಾಹನಗಳಿಗೂ ತೊಂದರೆ, ಅಂಗಡಿಗೆ ಸರಕು ಕಾಯುವವರಿಗೂ ತೊಂದರೆ. ಎಂಜಿನ್ ಸೀಜ್ ಆದರೆ ಮಾಲೀಕರಿಗೆ ರಿಪೇರಿ ಖರ್ಚಿನ ಜೊತೆ ಕಂತಿನ ಚಿಂತೆಯೂ ಸೇರುತ್ತೆ.

ಹೀಟ್ ಬಂದ ಕೂಡಲೇ "ದೊಡ್ಡ ರೇಡಿಯೇಟರ್ ಹಾಕ್ಸಿ" ಅನ್ನೋ ಸಲಹೆ ಸಿಗುತ್ತೆ. ಆದರೆ ಅದು ಮೊದಲ ಕೆಲಸ ಅಲ್ಲ, ಕೊನೆಯ ಕೆಲಸ.

ಬಿಸಿ ಎಲ್ಲಿಂದ ಬರುತ್ತೆ?

ಸುಟ್ಟ ಡೀಸೆಲ್‌ನ ಶಕ್ತಿ ಪೂರ್ತಿ ಚಕ್ರಕ್ಕೆ ಹೋಗಲ್ಲ. ಒಂದು ಪಾಲು ಗಾಡಿ ಎಳೆಯುತ್ತೆ, ಒಂದು ಪಾಲು ಸೈಲೆನ್ಸರ್‌ನಲ್ಲಿ ಹೊಗೆ ಜೊತೆ ಹೋಗುತ್ತೆ, ಇನ್ನೊಂದು ದೊಡ್ಡ ಪಾಲು ಎಂಜಿನ್ ಸುತ್ತಲಿನ ನೀರಿಗೆ ಇಳಿಯುತ್ತೆ. ಆ ನೀರಿನ ಬಿಸಿಯನ್ನು ಗಾಳಿಗೆ ಬಿಡೋದು ರೇಡಿಯೇಟರ್ ಕೆಲಸ.

ಬರೀ ಬೋರ್ ಕೆಲಸದಿಂದ ಬಿಸಿ ಹೆಚ್ಚೇನೂ ಏರಲ್ಲ. 100 ಮಿ.ಮೀ. ಬೋರ್‌ಗೆ ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸಿಸಿ ಹೆಚ್ಚೋದು ಶೇ 1ರಷ್ಟು ಮಾತ್ರ. ಬಿಸಿ ಏರಿಸೋದು ಪಂಪ್ ಸೆಟ್ಟಿಂಗ್. 130 ಎಚ್‌ಪಿ ಎಂಜಿನ್‌ನಿಂದ 150 ತೆಗೆದರೆ ನೀರಿಗೆ ಇಳಿಯುವ ಬಿಸಿಯೂ ಸುಮಾರು ಅದೇ ಪ್ರಮಾಣದಲ್ಲಿ ಏರುತ್ತೆ. ಘಾಟಿಯಲ್ಲಿ ಗಾಡಿ ನಿಧಾನ, ಎದುರುಗಾಳಿ ಇಲ್ಲ, ಎಂಜಿನ್ ಮಾತ್ರ ಫುಲ್ ಲೋಡ್. ಆಗ ಫ್ಯಾನ್ ಒಂದೇ ಗತಿ.

ಮೊದಲು ರೋಗ ಗುರುತಿಸಿ

* ಏರಿನಲ್ಲಿ ಮಾತ್ರ ಹೀಟ್ ಆಗಿ ಸಮತಟ್ಟಿನಲ್ಲಿ ಸರಿಹೋದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್, ಬೆಲ್ಟ್, ರೇಡಿಯೇಟರ್ ಮೇಲಿನ ಧೂಳು ನೋಡಿಸಿ.
* ಸಮತಟ್ಟಿನಲ್ಲಿ ಸ್ಪೀಡಾಗಿ ಹೋದಾಗಲೂ ಹೀಟ್ ಆದರೆ ಒಳಗೆ ನೀರು ಸರಿಯಾಗಿ ಓಡ್ತಿಲ್ಲ. ಕೋರ್ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು, ಅಥವಾ ಕೆಳಗಿನ ಹೋಸ್ ಮೆತ್ತಗಾಗಿ ಒಳಗೆ ಎಳೆದುಕೊಂಡು ಮುಚ್ಚಿಕೊಳ್ತಿರಬಹುದು.
* ನೀರಿನಲ್ಲಿ ಗುಳ್ಳೆ ಬರ್ತಾ ಇದ್ದು, ಸೋರಿಕೆ ಕಾಣದಿದ್ದರೂ ನೀರು ಕಮ್ಮಿ ಆಗ್ತಾ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಇದಕ್ಕೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನ ಇಲ್ಲ.

ಕಡಿಮೆ ಖರ್ಚಿನಿಂದ ಶುರು ಮಾಡಿ

ಕ್ಯಾಪ್: ಇದು ಬರೀ ಮುಚ್ಚಳ ಅಲ್ಲ, ಒತ್ತಡ ಹಿಡಿಯುವ ಭಾಗ. ಸಕಲೇಶಪುರದಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅದೇ 15 ಪಿಎಸ್‌ಐ ಕ್ಯಾಪ್ ಸರಿಯಿದ್ದರೆ 110 ಡಿಗ್ರಿ ದಾಟಿದರೂ ಕುದಿಯಲ್ಲ. ರಬ್ಬರ್ ಹೋದ ಕ್ಯಾಪ್ ಬದಲಿಸಿ. ಆದರೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಒತ್ತಡದ್ದು ಬೇಡ, ಹೋಸ್ ಸಿಡಿಯುತ್ತೆ.

ನೀರು: ಬೋರ್‌ವೆಲ್ ನೀರಿನ ಉಪ್ಪು ಕೋರ್ ಮತ್ತು ಲೈನರ್ ಸುತ್ತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ಡಿಸ್ಟಿಲ್ಡ್ ವಾಟರ್ ಜೊತೆ ಕಂಪನಿ ಹೇಳಿದ ಕೂಲಂಟ್ ಬೆರೆಸಿ. ಕೂಲಂಟ್ ಕುದಿಯುವ ಮಟ್ಟ ಏರಿಸುವುದಷ್ಟೇ ಅಲ್ಲ, ಲೈನರ್ ಹೊರಮೈಯಲ್ಲಿ ಸಣ್ಣ ಗುಳ್ಳೆಗಳು ಒಡೆದು ತೂತು ಬೀಳುವುದನ್ನೂ ತಡೆಯುತ್ತೆ. ಹೊಸ ಲೈನರ್‌ಗೆ ದುಡ್ಡು ಸುರಿದವರು ಇಲ್ಲಿ ಉಳಿತಾಯ ಮಾಡಬಾರದು.

ಫ್ಯಾನ್ ಮತ್ತು ಶ್ರೌಡ್: ಫ್ಯಾನ್ ಸುತ್ತಲಿನ ಶ್ರೌಡ್ ಒಡೆದು ಬಿಸಾಡಿದ ಗಾಡಿಗಳಿವೆ. ಅದಿಲ್ಲದಿದ್ದರೆ ಫ್ಯಾನ್ ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತೆ, ಕೋರ್ ಮೂಲಕ ಗಾಳಿ ಬರಲ್ಲ. ಬೇಸಿಗೆಯಲ್ಲಿ ಫಿನ್‌ಗಳ ನಡುವಿನ ಧೂಳು, ಹೊಟ್ಟನ್ನು ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಸಿ. ಇಂಟರ್‌ಕೂಲರ್ ಇದ್ದರೆ ಅದರ ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನೂ ಬಿಡಬೇಡಿ.

ಥರ್ಮೋಸ್ಟಾಟ್ ಕಿತ್ತು ಹಾಕಬೇಡಿ

"ಅದನ್ನ ತೆಗೆದುಬಿಡಿ, ತಂಪಾಗುತ್ತೆ" ಅನ್ನೋದು ಹಳೆ ಮಾತು. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಬಿಸಿಯಾದಾಗ ಬೈಪಾಸ್ ದಾರಿ ಮುಚ್ಚುವ ಕೆಲಸವನ್ನೂ ಮಾಡುತ್ತೆ. ಅದನ್ನು ತೆಗೆದರೆ ಬಿಸಿನೀರಿನ ಒಂದಂಶ ರೇಡಿಯೇಟರ್‌ಗೆ ಹೋಗದೆ ವಾಪಸ್ ಎಂಜಿನ್‌ಗೇ ಬರುತ್ತೆ, ಏರಿನಲ್ಲಿ ಹೀಟ್ ಇನ್ನೂ ಜಾಸ್ತಿ. ಇಳಿಜಾರಿನಲ್ಲಿ ಎಂಜಿನ್ ತೀರಾ ತಣ್ಣಗಾಗಿ ಲೈನರ್ ಬೇಗ ಸವೆಯುತ್ತೆ.

ರೇಡಿಯೇಟರ್ ಯಾವಾಗ?

ಇಷ್ಟೆಲ್ಲ ಸರಿಮಾಡಿದ ಮೇಲೂ ಮುಳ್ಳು ಏರಿದರೆ ದೊಡ್ಡ ಕೋರ್ ಹಾಕಿಸಿ. ಜಾಗ ಇದ್ದರೆ ಅಗಲ ಮತ್ತು ಎತ್ತರ ಹೆಚ್ಚಿಸಿ. ಬರೀ ದಪ್ಪ ಹೆಚ್ಚಿಸಿದರೆ ಗಾಳಿ ಒಳನುಗ್ಗಲು ಕಷ್ಟ, ಹಿಂದಿನ ಸಾಲಿಗೆ ಸಿಗೋದು ಬಿಸಿಗಾಳಿಯೇ. ಎಂಜಿನ್‌ನಿಂದ ತಿರುಗುವ ಫ್ಯಾನ್ ತೆಗೆದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಕೂರಿಸುವುದು ಲೋಡ್ ಗಾಡಿಗೆ ಸರಿಬರಲ್ಲ, ಅಷ್ಟು ಗಾಳಿ ಅದು ಎಳೆಯಲ್ಲ. ಇದಕ್ಕೂ ಸುಲಭದ ದಾರಿ ಒಂದಿದೆ: ಪಂಪನ್ನು ಕಂಪನಿ ಸೆಟ್ಟಿಂಗ್‌ಗೆ ಇಳಿಸಿ ನೋಡಿ. ಹೊಗೆಯೂ ಕಮ್ಮಿ, ಡೀಸೆಲ್ಲೂ ಉಳಿಯುತ್ತೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿನ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಎಂಜಿನ್ನೇ ಬೇರೆ ಕೂರಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಚಾಲಕರ ಗಮನಕ್ಕೆ

ಮುಳ್ಳು ಏರ್ತಾ ಇದ್ದರೆ ಗೇರ್ ಇಳಿಸಿ, ಆಕ್ಸಿಲರೇಟರ್ ಹಗುರ ಮಾಡಿ. ಫ್ಯಾನ್, ಪಂಪ್ ಜೋರಾಗಿ ತಿರುಗುತ್ತವೆ. ಆದರೂ ಇಳಿಯದಿದ್ದರೆ ತಿರುವು ಬಿಟ್ಟು ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ನೀರು ಸೋರಿಲ್ಲ ಅಂದ್ರೆ ಕೆಲವು ನಿಮಿಷ ಐಡಲಿಂಗ್‌ನಲ್ಲಿ ಬಿಡಿ, ಸೋರಿ ಹೋಗಿದ್ದರೆ ತಕ್ಷಣ ಆಫ್ ಮಾಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಮುಖ್ಯವಾಗಿ, ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ. ಒತ್ತಡ ತಪ್ಪಿದ ಕೂಡಲೇ ಕುದಿನೀರು ಮುಖಕ್ಕೇ ಚಿಮ್ಮುತ್ತೆ. ಅರ್ಧ ಗಂಟೆ ತಡವಾದರೂ ಪರವಾಗಿಲ್ಲ, ಮೇಲಿನ ಹೋಸ್ ಕೈಗೆ ತಣ್ಣಗೆ ಹತ್ತಿದ ಮೇಲೆಯೇ ಕ್ಯಾಪ್ ಮುಟ್ಟಿ.