ತೊಟ್ಟಿಕ್ಕುವ ಪಂಪು
ತಿಪಟೂರು, ತುರುವೇಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಬಾವಿಯ ಹಳೆಯ ಪಂಪನ್ನು ನೋಡಿದ್ದೀರಾ? ಶಾಫ್ಟು ಪಂಪಿನೊಳಗೆ ಹೋಗುವ ಕಡೆ ನೀರು ಹನಿ ಹನಿಯಾಗಿ ತೊಟ್ಟಿಕ್ಕುತ್ತಿರುತ್ತದೆ. ಮಲ್ಪೆಯ ಮೀನುಗಾರಿಕೆ ದೋಣಿಗಳ ಹಿಂಭಾಗದಲ್ಲಿಯೂ ಇದೇ ತೊಡಕು. ಎಂಜಿನ್ ಇರುವುದು ದೋಣಿಯೊಳಗೆ, ಅದು ತಿರುಗಿಸುವ ಫ್ಯಾನು ನೀರಿನಲ್ಲಿ. ನಡುವಿನ ಶಾಫ್ಟು ತಿರುಗಬೇಕು, ನೀರು ಮಾತ್ರ ನುಗ್ಗಬಾರದು.

ರಂಧ್ರ ಬಿಗಿಯಾದರೆ ಶಾಫ್ಟು ಉಜ್ಜಿ ಬಿಸಿಯಾಗುತ್ತದೆ. ಸಡಿಲವಾದರೆ ನೀರು ಸೋರುತ್ತದೆ. ಅದಕ್ಕಾಗಿ ಶಾಫ್ಟಿನ ಸುತ್ತ ಗ್ರಾಫೈಟ್ ಬಳಿದ ದಾರದ ಉಂಗುರಗಳನ್ನು ತುರುಕಿ, ಗ್ಲ್ಯಾಂಡ್ ಎಂಬ ಬಿಲ್ಲೆಯಿಂದ ಒತ್ತಿರುತ್ತಾರೆ. ಗ್ರಾಫೈಟ್ ಎಂದರೆ ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವ ಜಾರುವ ವಸ್ತುವೇ. ಆಗಾಗ ಒಂದೊಂದು ಹನಿ ಬೀಳುವುದು ದೋಷವಲ್ಲ! ಆ ನೀರೇ ದಾರವನ್ನು ತಂಪಾಗಿಡುತ್ತದೆ. ಹನಿ ಪೂರ್ತಿ ನಿಲ್ಲುವಂತೆ ನಟ್ಟು ಬಿಗಿದವರು ಜಾಣರೆಂದುಕೊಳ್ಳುತ್ತಾರೆ. ಒಳಗೆ ದಾರ ಸುಟ್ಟು, ಶಾಫ್ಟು ಸವೆಯುತ್ತಿರುತ್ತದೆ.

ಹನಿ ಧಾರೆಯಾದಾಗ ಎರಡೂ ನಟ್ಟುಗಳನ್ನು ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಆಗಲೂ ಕಡಿಮೆಯಾಗದಿದ್ದರೆ ಹೊಸ ದಾರವೇ ಬೇಕು. ಒಂದು ಉಂಗುರದ ಸಂದು ಇನ್ನೊಂದರ ಸಂದಿನ ನೇರಕ್ಕೆ ಬರಬಾರದು. ಬಂದರೆ ನೀರಿಗೆ ಅದೇ ದಾರಿ. ಇದು ದೊಡ್ಡವರು ಫ್ಯೂಸು ತೆಗೆದು ಮಾಡುವ ಕೆಲಸ. ಹಳೆಯ ದಾರದಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಮುಟ್ಟಬೇಡಿ.

ನಿಮ್ಮ ಕೆಲಸ ಬೇರೆ. ನಿಮಿಷಕ್ಕೆ ಎಷ್ಟು ಹನಿ ಬೀಳುತ್ತವೆಂದು ದೂರ ನಿಂತು ಎಣಿಸಿ, ಬರೆದಿಡಿ. ವಾರ ಬಿಟ್ಟು ಮತ್ತೆ ಎಣಿಸಿ.