ಮೋಟಾರು ಸೈಕಲ್ಲಿನ ಮೂರು ಎಣ್ಣೆಗಳು

ಆಯುಧಪೂಜೆಯ ದಿನ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ ನಡೆಯುತ್ತದೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಒಂದು ಮಾತನ್ನು ಕೇಳಲು ಸುತ್ತಣ ಊರುಗಳ ಜನ ಅಲ್ಲಿ ಸೇರುತ್ತಾರೆ. ಹಿಂದೆ ಚಕ್ಕಡಿ ಹೂಡಿಕೊಂಡು ಬರುತ್ತಿದ್ದವರ ಮೊಮ್ಮಕ್ಕಳು ಈಗ ಮೋಟಾರು ಸೈಕಲ್ಲುಗಳಲ್ಲಿ ಬರುತ್ತಾರೆ. ಅಂದು ಬೆಳಿಗ್ಗೆ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಪೂಜಿಸಿದ ಆ ವಾಹನದ ಹೊಟ್ಟೆಯಲ್ಲಿರುವ ಎಣ್ಣೆ ಯಾವ ಸ್ಥಿತಿಯಲ್ಲಿದೆಯೆಂದು ವಿಚಾರಿಸುವವರು ಮಾತ್ರ ವಿರಳ. ಚಕ್ಕಡಿಯ ಕಾಲದಲ್ಲಿ ಹೀಗಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊರಟರೆ ಗಾಲಿಯೇ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಎಂಜಿನ್ನಾದರೋ ಬಾಯಿಬಿಟ್ಟು ದೂರುವ ಹೊತ್ತಿಗೆ ಸವೆದೇ ಹೋಗಿರುತ್ತದೆ.

ಅಂಗಡಿಗೆ ಹೋದರೆ ಹತ್ತಾರು ಬಗೆಯ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ಎರಡು ಮೂರು ಪಟ್ಟು ಅಂತರ. ತಂದೆಯ ಹಳೆಯ ಗಾಡಿಯಲ್ಲಿ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೆ ಈ ಅಂತರ ಸಣ್ಣದಲ್ಲ. ಅಗ್ಗದ ಎಣ್ಣೆ ಸಾಕೆ? ಬಹುಮಟ್ಟಿಗೆ ಸಾಕು, ಆದರೆ ಡಬ್ಬಿಯ ಮೇಲಿನ ಅಕ್ಷರಗಳನ್ನೂ ಅಂಕಿಗಳನ್ನೂ ಓದಲು ಬರಬೇಕು. ಅದು ಬಾರದಿದ್ದರೆ ದುಬಾರಿ ಎಣ್ಣೆಯೂ ಕೈಕೊಡುತ್ತದೆ. ಈ ಲೇಖಕನಿಗೆ ಅದರ ಅನುಭವವಾಗಿದೆ. ಕಾರೊಂದಕ್ಕೆ ತಂದು ಉಳಿದಿದ್ದ ಉತ್ತಮ ದರ್ಜೆಯ ಎಣ್ಣೆಯನ್ನು ವ್ಯರ್ಥ ಮಾಡಬಾರದೆಂದು ಹಳೆಯ ಬುಲೆಟ್ಟಿನ ಪ್ರೈಮರಿ ಪೆಟ್ಟಿಗೆಗೆ ಸುರಿದದ್ದಾಯಿತು. ಕೆಲವು ದಿನಗಳ ಮೇಲೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೇವರಗುಡ್ಡದ ಏರನ್ನು ಹತ್ತುವಾಗ ಎಂಜಿನ್ ಗರ್ಜಿಸಿತೇ ಹೊರತು ಗಾಡಿ ಮುಂದೆ ಸರಿಯಲಿಲ್ಲ. ಎಣ್ಣೆ ಒಳ್ಳೆಯದೇ ಆಗಿತ್ತು. ಅದು ಹೋಗಿ ಸೇರಿದ ಜಾಗ ತಪ್ಪಾಗಿತ್ತು.

ಇದು ಅರ್ಥವಾಗಬೇಕಾದರೆ ಮೊದಲು ಯಂತ್ರದ ರಚನೆಯನ್ನು ನೋಡಬೇಕು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಎನ್‌ಫೀಲ್ಡ್ ಬುಲೆಟ್ಟಿನ ಹಳೆಯ ಮಾದರಿಗಳಲ್ಲಿ ಎಣ್ಣೆಗೆ ಮೂರು ಬೇರೆಬೇರೆ ಕೋಣೆಗಳಿವೆ. ಮೊದಲನೆಯದು ಎಂಜಿನ್ನಿನದು; ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಅದಕ್ಕೆ ಬೇಕು. ಎರಡನೆಯದು, ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಸರಪಣಿ ಓಡುವ ಪ್ರೈಮರಿ ಪೆಟ್ಟಿಗೆ. ಅದಕ್ಕೆ ಅರ್ಧ ಲೀಟರಿಗೂ ಕಡಿಮೆ ಸಾಕು. ಮೂರನೆಯದು ಗೇರು ಪೆಟ್ಟಿಗೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಗಾಡಿಗಳಲ್ಲಿ ಅನೇಕವು ಇದೇ ಬಗೆಯವು. ಮೂರು ಕೋಣೆಗಳಲ್ಲಿಯೂ ಲೋಹ ಲೋಹಕ್ಕೆ ಉಜ್ಜುತ್ತದೆ. ಆದರೆ ಉಜ್ಜುವ ರೀತಿ ಒಂದೊಂದರಲ್ಲಿ ಒಂದೊಂದು.

ಎಂಜಿನ್ನಿನಲ್ಲಿ ಎಣ್ಣೆಯು ಕೇವಲ ಜಿಡ್ಡಾಗಿ ಅಂಟಿಕೊಂಡಿರುವುದಿಲ್ಲ, ಭಾರವನ್ನೇ ಹೊರುತ್ತದೆ. ಇದು ತಿಳಿದುಬಂದ ಕಥೆ ಸ್ವಾರಸ್ಯವಾಗಿದೆ. ದೇವರಗುಡ್ಡದ ನಿಲ್ದಾಣವನ್ನು ಹಾದುಹೋಗುವ ರೈಲುಗಳ ಅಚ್ಚುಗಳಿಗೂ ಅದಕ್ಕೂ ಸಂಬಂಧವುಂಟು. 1883ರಲ್ಲಿ ಇಂಗ್ಲೆಂಡಿನ ಬೋಚಂಪ್ ಟವರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳಂಥ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದನು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗಿಳಿಯುವ ಬದಲು ರಂಧ್ರದಿಂದ ಮೇಲೆ ಉಕ್ಕಿತು. ಬಿರಡೆಯನ್ನು ಜಡಿದರೆ ಬಿರಡೆಯೇ ಹೊರಕ್ಕೆ ಬಂದಿತು. ಕೊನೆಗೆ ಒತ್ತಡದ ಮಾಪಕವನ್ನು ಕೂರಿಸಿ ನೋಡಿದಾಗ, ಚದರ ಅಂಗುಲಕ್ಕೆ ಸರಾಸರಿ 100 ಪೌಂಡು ಭಾರವಿದ್ದ ಬೇರಿಂಗಿನಲ್ಲಿ ಎಣ್ಣೆಯ ಒತ್ತಡ 200 ಪೌಂಡನ್ನು ಮೀರಿತ್ತು! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸನು ಇದಕ್ಕೆ ಕಾರಣವನ್ನು ಗಣಿತದಿಂದ ತೋರಿಸಿದನು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನೂ ಎಳೆದುಕೊಂಡು, ಬರಬರುತ್ತ ಕಿರಿದಾಗುವ ಸಂದಿಗೆ ತುರುಕುತ್ತದೆ. ಅಲ್ಲಿ ಒತ್ತಡವೇರಿ ಅಚ್ಚನ್ನು ಎತ್ತಿಹಿಡಿಯುತ್ತದೆ. ಅಚ್ಚು ಎಣ್ಣೆಯ ಮೇಲೆ ತೇಲುತ್ತದೆಂದರೆ ಅದು ಕವಿಯ ಉತ್ಪ್ರೇಕ್ಷೆಯಲ್ಲ.

ಹಾಗೆ ತೇಲಿಸಬೇಕಾದರೆ ಎಣ್ಣೆಗೆ ಸಾಕಷ್ಟು ಸ್ನಿಗ್ಧತೆ ಇರಬೇಕು. ಸ್ನಿಗ್ಧತೆಯೆಂದರೆ ಹರಿಯುವುದಕ್ಕೆ ದ್ರವವು ತೋರುವ ಪ್ರತಿರೋಧ; ಜೇನಿಗೆ ಹೆಚ್ಚು, ನೀರಿಗೆ ಕಡಿಮೆ. ತೊಡಕೆಂದರೆ ಕಾದಂತೆ ಎಣ್ಣೆಯ ಸ್ನಿಗ್ಧತೆ ಬಲುಬೇಗ ಕುಸಿಯುತ್ತದೆ. ಸಾಧಾರಣವಾದ 20ಡಬ್ಲ್ಯೂ-50 ಎಣ್ಣೆಗೆ 40 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 160 ಸೆಂಟಿಸ್ಟೋಕ್ ಸ್ನಿಗ್ಧತೆಯಿದ್ದರೆ 100 ಡಿಗ್ರಿಯಲ್ಲಿ ಸುಮಾರು 18 ಮಾತ್ರ ಉಳಿಯುತ್ತದೆ. ವಾಚಕರು ಇದನ್ನು ಮನೆಯಲ್ಲಿಯೇ ನೋಡಬಹುದು. ಒಂದೇ ಅಳತೆಯ ಎರಡು ಗಾಜಿನ ಸೀಸೆಗಳಿಗೆ, ಮೇಲೆ ಸ್ವಲ್ಪ ಗಾಳಿ ಉಳಿಯುವಂತೆ ಒಂದೇ ಎಣ್ಣೆಯನ್ನು ತುಂಬಿ ಮುಚ್ಚಿರಿ. ಒಂದನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಬಳಿಕ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿರಿ. ಬೆಚ್ಚಗಿನ ಸೀಸೆಯ ಗಾಳಿಗುಳ್ಳೆ ಮೇಲಕ್ಕೆ ಮುಟ್ಟಿದಾಗ ಇನ್ನೊಂದರ ಗುಳ್ಳೆ ದಾರಿಯಲ್ಲೇ ಇರುತ್ತದೆ.

ಡಬ್ಬಿಯ ಅಂಕಿಗಳು ಹೇಳುವುದು ಈ ಸಂಗತಿಯನ್ನೇ. ಇವು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ, ಅಂದರೆ ಎಸ್.ಎ.ಇ., ಗೊತ್ತುಮಾಡಿದ ವರ್ಗಗಳು. ಕೊನೆಯ ಅಂಕಿಯಾದ 50 ಎಂದರೆ 100 ಡಿಗ್ರಿಯಲ್ಲಿ 16.3ರಿಂದ 21.9 ಸೆಂಟಿಸ್ಟೋಕ್‌ವರೆಗಿನ ವರ್ಗ. 40 ಎಂದರೆ 12.5ರಿಂದ 16.3ರವರೆಗೆ. ಮೊದಲಿನ 20ಡಬ್ಲ್ಯೂ ಎಂಬುದು ಚಳಿಗೆ ಸಂಬಂಧಿಸಿದ್ದು. ಚಳಿಯಲ್ಲಿ ಎಂಜಿನ್ ತಿರುಗುವುದೇ ಎಂಬ ಪರೀಕ್ಷೆಯನ್ನು 20ಡಬ್ಲ್ಯೂ ಎಣ್ಣೆಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಮಾಡುತ್ತಾರೆ, 5ಡಬ್ಲ್ಯೂ ಎಣ್ಣೆಗೆ 30 ಡಿಗ್ರಿ ಕೆಳಗೆ. ರಾಣೆಬೆನ್ನೂರಿನಲ್ಲಿ ಧನುರ್ಮಾಸದ ಬೆಳಗಿನ ಜಾವದಲ್ಲಿಯೂ ಬಾವಿಯ ನೀರು ಹೆಪ್ಪುಗಟ್ಟುವುದಿಲ್ಲ. ಹಳೆಯ ಬುಲೆಟ್ಟಿಗಾಗಿ 5ಡಬ್ಲ್ಯೂ ಎಣ್ಣೆಯನ್ನು ಹೆಚ್ಚು ಬೆಲೆಗೆ ಕೊಳ್ಳುವವನು ಹಿಮಾಲಯದ ಚಳಿಗೆಂದು ಬ್ಯಾಡಗಿಯಲ್ಲಿ ಉಣ್ಣೆಯ ಕೋಟು ಹೊಲಿಸಿದಂತೆ! ಗಾಳಿಯಿಂದಲೇ ತಂಪಾಗಬೇಕಾದ ಆ ಎಂಜಿನ್ನಿಗೆ ನಮ್ಮ ವೈಶಾಖದ ಬಿಸಿಲಿನಲ್ಲಿ ಬೇಕಾದುದು ಕೊನೆಯ ಅಂಕಿಯ ಬಲ. ಸಾಧಾರಣ ಖನಿಜ ಮೂಲದ 20ಡಬ್ಲ್ಯೂ-50 ಅದಕ್ಕೆ ಧಾರಾಳವಾಗಿ ಸಾಕು.

ಎರಡನೆಯ ಗುರುತು ಎ.ಪಿ.ಐ. ಎಂಬುದು. ಎಸ್ ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಎಂದಿದ್ದರೆ ಡೀಸೆಲ್ ಎಂಜಿನ್ನಿಗೆ. ಎಸ್ ನಂತರದ ಅಕ್ಷರ ಮುಂದೆ ಹೋದಷ್ಟೂ ಹೊಸದು: ಎಸ್.ಎಲ್. 2001ರದು, ಎಸ್.ಎನ್. 2010ರದು, ಎಸ್.ಪಿ. 2020ರದು. ಎಸ್.ಎಲ್. ವರ್ಗದ ಎಣ್ಣೆ ಹಳೆಯ ಗಾಡಿಗೆ ಏನೇನೂ ಕಡಿಮೆಯಲ್ಲ. ನಮ್ಮ ಕಡೆ ಟ್ರ್ಯಾಕ್ಟರು ಲಾರಿಗಳಿಗೆಂದು ದೊಡ್ಡ ಡಬ್ಬಿಗಳಲ್ಲಿ ಮಾರುವ 15ಡಬ್ಲ್ಯೂ-40 ಡೀಸೆಲ್ ಎಣ್ಣೆಯನ್ನು ಕೆಲವರು ಬುಲೆಟ್ಟಿಗೂ ಹಾಕುತ್ತಾರೆ. ಮಸಿಯನ್ನು ತೊಳೆಯುವ ಮತ್ತು ಸವೆತವನ್ನು ತಡೆಯುವ ದ್ರವ್ಯಗಳು ಅದರಲ್ಲಿ ಸಮೃದ್ಧವಾಗಿರುವುದರಿಂದ ಇದು ಹುಚ್ಚಾಟವೇನಲ್ಲ. ಎಸ್ ವರ್ಗವನ್ನೂ ಅದೇ ಡಬ್ಬಿಯ ಮೇಲೆ ನಮೂದಿಸಿದ್ದರೆ ಮಳೆ ಚಳಿಗಾಲಗಳಲ್ಲಿ ನಡೆಯುತ್ತದೆ. ಬೇಸಿಗೆಯ ದೂರ ಪ್ರಯಾಣಕ್ಕೆ ಮಾತ್ರ ನಾನು 50ನ್ನೇ ಮೆಚ್ಚುವೆ.

ಈಗ ಪ್ರೈಮರಿ ಪೆಟ್ಟಿಗೆಯ ಒಗಟಿಗೆ ಬರೋಣ. ಅಲ್ಲಿ ಸರಪಣಿಯ ಜೊತೆಗೆ ಕ್ಲಚ್ಚೂ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಂಜಿನ್ನಿನಲ್ಲೆಲ್ಲ ನಾವು ಘರ್ಷಣೆಯನ್ನು ಶತ್ರುವೆಂದು ಬಗೆದರೆ ಕ್ಲಚ್ಚಿಗೆ ಅದೇ ಜೀವ. ಬಿಲ್ಲೆಗಳು ಒಂದನ್ನೊಂದು ಹಿಡಿದುಕೊಳ್ಳದಿದ್ದರೆ ಶಕ್ತಿ ಹಿಂದಿನ ಗಾಲಿಗೆ ಮುಟ್ಟುವುದೇ ಇಲ್ಲ. ಕಾರಿನ ಕ್ಲಚ್ಚು ಸಾಮಾನ್ಯವಾಗಿ ಎಂಜಿನ್ ಎಣ್ಣೆಯಿಂದ ದೂರ ಒಣಗಿಯೇ ಇರುತ್ತದೆ. ಆದುದರಿಂದ ಕಾರಿನ ತೆಳು ಎಣ್ಣೆಗಳಿಗೆ, ಇಂಧನ ಉಳಿಸಲೆಂದು, ಘರ್ಷಣೆಯನ್ನು ಇನ್ನಷ್ಟು ತಗ್ಗಿಸುವ ದ್ರವ್ಯಗಳನ್ನು ಬೆರೆಸುವುದುಂಟು. ಅಂಥ ಡಬ್ಬಿಯ ಹಿಂಬದಿಯಲ್ಲಿ ‘ಎನರ್ಜಿ ಕನ್ಸರ್ವಿಂಗ್’ ಇಲ್ಲವೆ ‘ರಿಸೋರ್ಸ್ ಕನ್ಸರ್ವಿಂಗ್’ ಎಂಬ ಮಾತಿರುತ್ತದೆ. ದೇವರಗುಡ್ಡದ ಏರಿನಲ್ಲಿ ನನ್ನ ಬಿಲ್ಲೆಗಳನ್ನು ಜಾರಿಸಿದ್ದು ಅದೇ ದ್ರವ್ಯ. ಎಂಜಿನ್ನಿನ ಆಯುಸ್ಸನ್ನು ಹೆಚ್ಚಿಸುವುದಾಗಿ ಹೇಳಿ ಮಾರುವ ಸಣ್ಣ ಸೀಸೆಯ ಬೆರಕೆಗಳನ್ನೂ ಇದೇ ಕಾರಣಕ್ಕೆ ಕ್ಲಚ್ಚಿನ ಬಳಿ ಸುಳಿಯಗೊಡಬಾರದು.

ಜಪಾನಿನ ವಾಹನ ಮಾನಕ ಸಂಸ್ಥೆ 1998ರಲ್ಲಿ ಈ ತೊಡಕಿಗೆ ಉಪಾಯ ಮಾಡಿತು. ಕ್ಲಚ್ಚನ್ನು ಹಿಡಿಯಗೊಡುವ ಎಣ್ಣೆಗೆ ಜಾಸೋ ಎಂ.ಎ. ಎಂದೂ, ಘರ್ಷಣೆ ಕಡಿಮೆಯಿರುವುದಕ್ಕೆ ಎಂ.ಬಿ. ಎಂದೂ ಗುರುತಿಟ್ಟಿತು. ಎಂ.ಬಿ. ಒಣ ಕ್ಲಚ್ಚಿನ ಸ್ಕೂಟರುಗಳಿಗೆ ಹೇಳಿಸಿದ್ದು. ನಮಗೆ ಬೇಕಾದುದು ಎಂ.ಎ., ಇಲ್ಲವೆ ಅದರ ಉಪವರ್ಗವಾದ ಎಂ.ಎ.2. ಬಹಳಷ್ಟು ಅಗ್ಗದ 20ಡಬ್ಲ್ಯೂ-50 ಮೋಟಾರು ಸೈಕಲ್ ಎಣ್ಣೆಗಳ ಮೇಲೆಯೇ ಈ ಗುರುತಿದೆ. ಎಂಜಿನ್ನಿಗೆ ತಂದ ಡಬ್ಬಿಯಲ್ಲಿ ಮಿಕ್ಕ ಎಣ್ಣೆಯನ್ನೇ ಪ್ರೈಮರಿಗೆ ಸುರಿದರಾಯಿತು. ಪ್ರತ್ಯೇಕ ಎಣ್ಣೆಯನ್ನು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಗೇರು ಪೆಟ್ಟಿಗೆಯ ಸಮಾಚಾರವೇ ಬೇರೆ. ಹಲ್ಲು ಹಲ್ಲಿನ ಮೇಲೆ ಒತ್ತಿ ಜಾರುವಾಗ, ಸಂಧಿಸುವ ಜಾಗ ಬಲು ಕಿರಿದಾದುದರಿಂದ, ಅಲ್ಲಿನ ಒತ್ತಡಕ್ಕೆ ಎಣ್ಣೆಯ ಪೊರೆ ಹರಿದುಹೋಗಬಹುದು. ಅದಕ್ಕಾಗಿ ಗೇರೆಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಉಜ್ಜುವ ಬಿಸಿಗೆ ಇವು ಉಕ್ಕಿನೊಡನೆ ವರ್ತಿಸಿ ತೆಳುವಾದ ರಕ್ಷಾಕವಚವನ್ನು ಕಟ್ಟುತ್ತವೆ. ಡಬ್ಬಿಯ ಮೇಲಿನ ಇ.ಪಿ. ಅಕ್ಷರಗಳ ಅರ್ಥ ಇದೇ. ಆದರೆ ಇದೇ ಗಂಧಕ ಕಂಚು ಹಿತ್ತಾಳೆಗಳನ್ನು ಕೊರೆಯಬಲ್ಲದು. ಹಳೆಯ ಗೇರು ಪೆಟ್ಟಿಗೆಗಳಲ್ಲಿ ಕಂಚಿನ ಬುಶ್ಶುಗಳಿರುತ್ತವೆ. ಆದುದರಿಂದ ಜಿ.ಎಲ್.-5 ಎಂಬುದಕ್ಕಿಂತ ಸೌಮ್ಯವಾದ ಜಿ.ಎಲ್.-4 ಲೇಸು. ಬೆಲೆಯೂ ಹೆಚ್ಚಲ್ಲ, ಟ್ರ್ಯಾಕ್ಟರಿನ ಎಣ್ಣೆ ಮಾರುವಲ್ಲಿ ಸಿಗುತ್ತದೆ. ‘90’ ಎಂಬ ಅಂಕಿಯನ್ನು ಕಂಡು ಇದು 50ರ ಎರಡರಷ್ಟು ಮಂದವೆಂದು ಭ್ರಮಿಸಬಾರದು. ಗೇರೆಣ್ಣೆಯ ಅಳತೆಗೋಲೇ ಬೇರೆ: ಅದರ 90, ಎಂಜಿನ್ ಎಣ್ಣೆಯ 40-50ರ ಆಸುಪಾಸಿಗೇ ಬರುತ್ತದೆ. ಬುಲೆಟ್ಟಿನ ಹಳೆಯ ನಾಲ್ಕು ಗೇರಿನ ಪೆಟ್ಟಿಗೆಗೆ ಮೊದಲು ಅರೆದ್ರವ ಗ್ರೀಸನ್ನು ತುಂಬುತ್ತಿದ್ದರು. ಬರಿಯ ಎಣ್ಣೆ ಹಾಕಿದರೆ ಒಂದಿಷ್ಟು ಸೋರಿ ನೆಲದ ಮೇಲೆ ಸಹಿ ಹಾಕುವುದು ಸಹಜ. ಈ ಗೇರೆಣ್ಣೆಯನ್ನು ಪ್ರೈಮರಿಗೆ ಮಾತ್ರ ಎಂದಿಗೂ ಹಾಕಕೂಡದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳ ರೀತಿ ಮತ್ತೊಂದು. ಎರಡು ಹೊಡೆತದ ಆ ಎಂಜಿನ್ನಿನ ಎಣ್ಣೆ ಪೆಟ್ರೋಲಿನೊಡನೆಯೇ ಬೆರೆತು ಉರಿದುಹೋಗುತ್ತದೆ. ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ; ಕ್ಲಚ್ಚು ಅಲ್ಲಿಯೂ ಮುಳುಗಿರುವುದರಿಂದ ಎಂ.ಎ. ನಿಯಮವೇ ಅನ್ವಯಿಸುತ್ತದೆ. ಇಂದಿನ ಬಹುತೇಕ ಗಾಡಿಗಳಲ್ಲಿ ಮೂರು ಕೋಣೆಗಳೂ ಒಂದಾಗಿವೆ. 2010ರ ವೇಳೆಗೆ ಬುಲೆಟ್ಟೂ ಹಾಗೆಯೇ ಆಯಿತು. ಒಂದೇ ಎಣ್ಣೆ ಎಲ್ಲ ಚಾಕರಿಯನ್ನೂ ಮಾಡಬೇಕಾದುದರಿಂದ ಗೇರಿನ ಹಲ್ಲುಗಳು ಅದರೊಳಗಿನ ಉದ್ದನೆಯ ಅಣುಗಳನ್ನು ಕತ್ತರಿಸಿ ಅದನ್ನು ಬೇಗ ತೆಳುವಾಗಿಸುತ್ತವೆ. ಅಂಥ ಗಾಡಿಗಳ ಕೈಪಿಡಿ 10ಡಬ್ಲ್ಯೂ-30 ಎಂದು ಹೇಳಿದ್ದರೆ ಅದನ್ನೇ ಪಾಲಿಸಬೇಕು. ಅವುಗಳ ಸಂದಿಗಳು ಆ ತೆಳುತನಕ್ಕೆ ಹೊಂದಿಯೇ ರಚಿತವಾಗಿವೆ.

ಕಡೆಗೆ ಲೆಕ್ಕ. ಒಂದು ಎಣ್ಣೆ ಲೀಟರಿಗೆ 350 ರೂಪಾಯಿ, ಇನ್ನೊಂದು 900 ಎಂದಿಟ್ಟುಕೊಳ್ಳೋಣ. ದುಬಾರಿಯದನ್ನು ಎರಡು ಲೀಟರು, ವರುಷಕ್ಕೊಮ್ಮೆ ಹಾಕಿದರೆ 1800 ರೂಪಾಯಿ. ಅಗ್ಗದ್ದನ್ನು ಎರಡು ಸಲ ಬದಲಿಸಿದರೂ 1400. ಹಳೆಯ ಎಂಜಿನ್ನಿಗೆ ಎರಡನೆಯದೇ ಹಿತ. ಎಣ್ಣೆಯನ್ನು ಕೆಡಿಸುವ ಮಸಿ, ಆಮ್ಲ, ನೀರಿನಂಶಗಳು ಡಬ್ಬಿಯ ಬೆಲೆ ನೋಡಿ ಸೇರುವುದಿಲ್ಲ. ಹೊರಕ್ಕೆ ಹೋಗಬೇಕಾದರೆ ಎಣ್ಣೆಯ ಜೊತೆಗೇ ಹೋಗಬೇಕು. ಆದರೆ ಅಗ್ಗವೆಂದು ಮೊಹರಿಲ್ಲದ ಬಿಡಿ ಎಣ್ಣೆಯನ್ನು ಕೊಳ್ಳಬೇಡಿ. ಸೋಸಿ ಮರುಮಾರಾಟಕ್ಕೆ ಬಂದ ಹಳೆಯ ಎಣ್ಣೆಗೂ ಹೊಸದಕ್ಕೂ ಕಣ್ಣಿಗೆ ಭೇದ ಕಾಣುವುದಿಲ್ಲ, ಎಂಜಿನ್ನಿಗೆ ಕಾಣುತ್ತದೆ.

ಬದಲಿಸುವಾಗ ಗಾಡಿಯನ್ನು ಹತ್ತು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ಕೆಳಗಿನ ತಿರುಪನ್ನು ಬಿಚ್ಚಬೇಕು. ಗಾಳಿಗುಳ್ಳೆಯ ಪ್ರಯೋಗವನ್ನು ಮಾಡಿದವರಿಗೆ ಕಾರಣವನ್ನು ಹೇಳಬೇಕಾಗಿಲ್ಲ. ಇಳಿದ ಕರಿ ಎಣ್ಣೆಯನ್ನು ಹಿತ್ತಿಲಿಗೆ ಚೆಲ್ಲದೆ, ಡಬ್ಬಿಗೆ ತುಂಬಿ, ಹಳೆಯ ಎಣ್ಣೆಯನ್ನು ಕೂಡಿಟ್ಟು ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಕೊಡಿರಿ. ನೆಲಕ್ಕೆ ಇಂಗಿದ್ದು ನಾಳೆ ಬೋರಿನ ನೀರನ್ನು ಸೇರಬಹುದು.